ಗೆದ್ದ ಚಿತ್ರದ ಹಿಂದುಮುಂದು

ಇನ್‌ಸ್ಟಾಗ್ರಾಮ್‌ನಲ್ಲಿ ಚಂದದ ಫೋಟೋಗಳಿಗೆ ಬರವಿಲ್ಲ. ಆದರೆ ಅಲ್ಲಿ ಕಾಣಸಿಗುವುದು ಗೆದ್ದ ಚಿತ್ರ ಮಾತ್ರ. ಫೋಟೋಗ್ರಫಿ ಕಲಿಯುವ ಆಸೆಯಿದ್ದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣಕ್ಕೂ ಒಮ್ಮೆ ಹೋಗಿ ಬನ್ನಿ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲೂ ಆಮೇಲಿನ ಕೆಲವು ವರ್ಷಗಳಲ್ಲೂ ಸರ್ಕಾರವೇ ತೆಗೆಸಿದ ಲಕ್ಷಕ್ಕೂ ಮಿಕ್ಕಿದ ಚಿತ್ರಗಳು ಅಲ್ಲಿ ಪುಕ್ಕಟೆಯಾಗಿ ನೋಡಸಿಗುತ್ತವೆ.

ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ‘ಮೈಗ್ರೆಂಟ್ ಮದರ್’ ಜಗತ್ಪ್ರಸಿದ್ಧ. ಅದೇ ಹೊತ್ತಿನಲ್ಲಿ ತೆಗೆದ ಇತರ ಚಿತ್ರಗಳೂ ಆ ಸಂಗ್ರಹದಲ್ಲಿವೆ. ಅಕ್ಕಪಕ್ಕ ಇಟ್ಟು ನೋಡಿ. ದೂರದಿಂದ ತೆಗೆದುದರಲ್ಲಿ ಡೇರೆ, ಸುತ್ತಲಿನ ಬಯಲು ಎಲ್ಲವೂ ಇವೆ. ಹತ್ತಿರದ್ದರಲ್ಲಿ ಅವೆಲ್ಲ ಮಾಯ! ಇಬ್ಬರು ಮಕ್ಕಳು ಮುಖ ತಿರುಗಿಸಿ ತಾಯಿಗೆ ಒರಗಿದ್ದಾರೆ. ನಮ್ಮ ಕಣ್ಣಿಗೆ ಆಕೆಯ ಮುಖ ಬಿಟ್ಟರೆ ಬೇರೆ ದಾರಿಯೇ ಇಲ್ಲ. (ಮೂಲೆಯಲ್ಲಿ ಇಣುಕುತ್ತಿದ್ದ ಹೆಬ್ಬೆರಳೊಂದನ್ನು ಲ್ಯಾಂಗ್ ಆಮೇಲೆ ಅಳಿಸಿಹಾಕಿಸಿದರು. ಫೋಟೋಶಾಪ್ ಎಂದರೆ ಮೂಗು ಮುರಿಯುವವರು ಗಮನಿಸಬೇಕು.)

ಮೈಸೂರಿನ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳನ್ನೂ ಹುಡುಕಿ, ಹೀಗೇ ನಿಧಾನವಾಗಿ ನೋಡಿ. ಬೆಳಕು ಯಾವ ಕಡೆಯಿಂದ ಬಂದಿದೆ? ಚೌಕಟ್ಟಿನ ಹೊರಗೆ ಏನನ್ನು ಬಿಟ್ಟಿರಬಹುದು? ಲ್ಯಾಂಗ್ ಚಿತ್ರವನ್ನು ಇಳಿಸಿಕೊಳ್ಳುವಾಗ ದೊಡ್ಡ ಗಾತ್ರದ ಟಿಫ್ ಕಡತವನ್ನೇ ಆರಿಸಿ. ಹಿಗ್ಗಿಸಿದರೆ ಆ ತಾಯಿಯ ತೋಳಿನ ಬಟ್ಟೆಯ ಹರಕು ಎಳೆಗಳೂ ಕಾಣುತ್ತವೆ.