ಗೋದಲಿ ಇನ್ನೂ ಖಾಲಿ ಇರಲಿ



ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ತುಂಡುಗಳನ್ನು ಕೂಡಿಸಿ, ಮರದ ಹೊಟ್ಟು, ಸೆಣಬು, ಹುಣಸೆ ಬೀಜದ ಸರಿ ಕಲಸಿದ ಕಿಟ್ಟವನ್ನು ಬಳಿಯುತ್ತಾರೆ. ಮೇಲೆ ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. ಒಂದು ಪದರ ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲ. ಅವರು ಮಾಡುವುದು ಹೆಚ್ಚಾಗಿ ದೇವತಾಮೂರ್ತಿಗಳು, ಆಟಿಕೆಗಳು. ನಮ್ಮ ಗೋದಲಿಗೆ ಅದರಿಂದೇನು ಎನ್ನಬಹುದು. ಆ ಒಣಗುವ ಹೊತ್ತಿದೆಯಲ್ಲ, ಆಗಮನ ಕಾಲ ಅಂಥದ್ದು.

ನಾವೋ, ಡಿಸೆಂಬರ್ ಮೊದಲ ವಾರದಲ್ಲೇ ನಕ್ಷತ್ರ ತೂಗುಹಾಕಿ, ಬಾಲಯೇಸುವನ್ನೂ ಮಲಗಿಸಿಬಿಡುತ್ತೇವೆ. (ಒಂದು ವರ್ಷ ನನ್ನ ಗುರುಮನೆಯಲ್ಲೂ ಹಾಗೇ ಆಯಿತು. ಹಬ್ಬದ ದಿನ ನೋಡಿದರೆ ಮೂರ್ತಿಯ ಮೇಲೆ ಧೂಳು!)

ಹಸಿರು ವರ್ತುಲದ ಮೇಣದಬತ್ತಿಗಳು ಬಂದದ್ದೇ ಕಾಯಲು ಕಲಿಸುವುದಕ್ಕೆ. ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಲೂಥರನ್ ಬೋಧಕ ಯೋಹಾನ್ ವಿಖರ್ನ್ 1839ರಲ್ಲಿ, ಹಬ್ಬ ಎಂದು ಬರುತ್ತದೆಂದು ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿ ಚಕ್ರದ ಮೇಲೆ ದಿನಕ್ಕೊಂದು ಬತ್ತಿ ಹಚ್ಚಿದರು. ನಮ್ಮಲ್ಲಿ ಭಾನುವಾರಕ್ಕೊಂದು: ಮೂರು ನೇರಳೆ, ಮೂರನೆಯ ಭಾನುವಾರಕ್ಕೆ ಗುಲಾಬಿ. ನೇರಳೆ ತಪಸ್ಸುಕಾಲದ ಬಣ್ಣವೂ ಹೌದು. ಆದರೆ ತಪಸ್ಸುಕಾಲದಲ್ಲಿ ನಿಲ್ಲುವ ಅಲ್ಲೆಲೂಯ ಈಗ ನಿಲ್ಲುವುದಿಲ್ಲ. ಭಾನುವಾರಗಳಲ್ಲಿ ಮಹಿಮಾಗೀತೆಯನ್ನು ಮಾತ್ರ ಬಿಡುತ್ತೇವೆ. ದೇವದೂತರ ಆ ಹಾಡು ಜಯಂತಿಯ ರಾತ್ರಿಗೆ ಮೀಸಲು.

ಎಂದೋ ಹುಟ್ಟಿದವರನ್ನು ಇನ್ನೂ ಹುಟ್ಟಿಲ್ಲವೆಂದು ನಟಿಸುವುದೇ ಎಂದು ಯುವಕರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಡಿಸೆಂಬರ್ 16ರವರೆಗಿನ ಪ್ರಾರ್ಥನೆಗಳನ್ನು ಗಮನಿಸಿ: ಅವು ಹೆಚ್ಚಾಗಿ ಪ್ರಭುವಿನ ಎರಡನೆಯ ಬರುವಿಕೆಯನ್ನು ಕುರಿತವು. 17ರಿಂದಲೇ ಬೆತ್ಲೆಹೇಮಿನ ಕಡೆ ತಿರುಗುವುದು. ಅಂದರೆ ನಾವು ನಿಜವಾಗಿಯೇ ಕಾಯುತ್ತಿದ್ದೇವೆ. ಬರಬೇಕಾದವರು ಇನ್ನೂ ಬರಬೇಕಾಗಿದೆ.

1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಸಿದ್ಧಪಡಿಸಿದರು. ಅವರ ಚರಿತ್ರೆ ಬರೆದ ಚೆಲಾನೊದ ತೋಮಸರು ಹೇಳುವುದು ಹುಲ್ಲು, ಎತ್ತು, ಕತ್ತೆ ಇಷ್ಟೇ. ಶಿಶುವಿನ ಮೂರ್ತಿಯ ಮಾತಿಲ್ಲ. ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಖಾಲಿ ಜಾಗವನ್ನು ತುಂಬಿದ್ದು ಪರಮಪ್ರಸಾದ.

ಈ ಸಲ ಮನೆಯಲ್ಲಿ ಗೋದಲಿ ಕಟ್ಟಿ, ಹುಲ್ಲು ಹಾಸಿ, ಬಾಲಯೇಸುವನ್ನು ಬೀರುವಿನಲ್ಲಿಡಿ. "ಪಾಪು ಎಲ್ಲಿ?" ಎಂದು ಮಕ್ಕಳು ಕೇಳಲಿ, ದಿನವೂ ಕೇಳಲಿ. 24ರ ರಾತ್ರಿ ಪೂಜೆಯಿಂದ ಬಂದ ಮೇಲೆ ಮನೆಯ ಅತಿ ಕಿರಿಯರ ಕೈಯಿಂದ ಮಲಗಿಸಿ. ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋದ ಮಗ ಬರುವುದಿದ್ದರೆ ಅವನೂ ಬರಲಿ. ರೈಲು ತಡವಾದರೆ ಇನ್ನೊಂದಿಷ್ಟು ಹೊತ್ತು ಕಾಯಿರಿ.