ಕಾಲಭೇದ ಮತ್ತು ಹಿರಿಮೆಯ ಅಳತೆ: ಅಮೆರಿಕದ ಫುಟ್‌ಬಾಲಿನಿಂದ ಒಂದು ಪಾಠ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೂ ಮುಂದಕ್ಕೆ ಎಸೆಯುವುದೂ ಮುಖ್ಯ. ಹನ್ನೊಂದು ಮಂದಿಯ ತಂಡದಲ್ಲಿ ಚೆಂಡನ್ನು ಪಡೆದು, ಓಟಗಾರನಿಗೆ ಕೊಡಬೇಕೋ ದೂರದ ಜೊತೆಗಾರನಿಗೆ ಎಸೆಯಬೇಕೋ ಎಂದು ಕ್ಷಣಾರ್ಧದಲ್ಲಿ ನಿರ್ಣಯಿಸುವವನೇ ಕ್ವಾರ್ಟರ್‌ಬ್ಯಾಕ್. ಈ ಸ್ಥಾನದಲ್ಲಿ ಆಡಿದವರೊಳಗೆ ಸರ್ವಶ್ರೇಷ್ಠನು ಯಾರು ಎಂಬುದು ಅಲ್ಲಿ ಇಂದಿಗೂ ತೀರದ ಚರ್ಚೆ.

ಮೊದಲು ಅಂಕಿಗಳನ್ನು ನೋಡೋಣ. ಒಂದೇ ಋತುವಿನಲ್ಲಿ ಎದುರಾಳಿಯ ಗಡಿ ದಾಟಿಸಿ ಅಂಕ ತಂದ ಎಸೆತಗಳು 1943ರಲ್ಲಿ ಶಿಕಾಗೋದ ಸಿಡ್ ಲಕ್‌ಮನ್‌ಗೆ 28, 1959ರಲ್ಲಿ ಬಾಲ್ಟಿಮೋರಿನ ಜಾನಿ ಯುನೈಟಸ್‌ಗೆ 32, 1984ರಲ್ಲಿ ಮಯಾಮಿಯ ಡ್ಯಾನ್ ಮರೀನೋಗೆ 48, 2013ರಲ್ಲಿ ಡೆನ್ವರಿನ ಪೇಟನ್ ಮ್ಯಾನಿಂಗ್‌ಗೆ 55. ಮೇಲ್ನೋಟಕ್ಕೆ ಲಕ್‌ಮನ್ ಕನಿಷ್ಠನು. ಆದರೆ ಅವನ ತಂಡ ಆ ವರ್ಷ ಆಡಿದ ಪಂದ್ಯಗಳು 10, ಯುನೈಟಸನದು 12, ಉಳಿದಿಬ್ಬರದು 16. ಪಂದ್ಯಕ್ಕೆ ಸರಾಸರಿ ತೆಗೆದರೆ ಕ್ರಮವಾಗಿ 2.8, 2.67, 3, 3.44. ಅಂತರವು ಎಷ್ಟೋ ಕುಗ್ಗುತ್ತದೆ.

ನಿಯಮಗಳೂ ಒಂದೇ ತೆರನಾಗಿರಲಿಲ್ಲ. ಚೆಂಡು ಹಿಡಿಯಲು ಓಡುವವನನ್ನು ಐದು ಗಜಗಳಾಚೆ ತಳ್ಳಿ ತಡೆಯಕೂಡದೆಂದು 1978ರಲ್ಲಿ ವಿಧಿಸಲಾಯಿತು. ಎಸೆಯುವವನನ್ನು ಕಾಯುವವರು ತೋಳು ಚಾಚಿ ಎದುರಾಳಿಯನ್ನು ತಡೆಯಲೂ ಆಗ ಅನುಮತಿ ದೊರೆಯಿತು. ಆ ಬಳಿಕ ಎಸೆತವು ಸುಲಭವಾಯಿತು.

ಪ್ರಶಸ್ತಿಗಳೇ ಪ್ರಮಾಣವೆನ್ನೋಣವೇ? ಕ್ಲೀವ್‌ಲ್ಯಾಂಡಿನ ಆಟೋ ಗ್ರಹಾಂ 1946ರಿಂದ 1955ರವರೆಗಿನ ಹತ್ತು ಋತುಗಳಲ್ಲಿ ಹತ್ತು ಬಾರಿಯೂ ಅಂತಿಮ ಪಂದ್ಯ ತಲಪಿ ಏಳು ಸಲ ಗೆದ್ದನು. ಆಗ ಒಂದು ಲೀಗಿನಲ್ಲಿ ಹದಿಮೂರಕ್ಕಿಂತ ಹೆಚ್ಚು ತಂಡಗಳಿರಲಿಲ್ಲ. ಟಾಮ್ ಬ್ರೇಡಿ ಮೂವತ್ತಕ್ಕೂ ಮಿಕ್ಕ ತಂಡಗಳ ನಡುವೆ ಏಳು ಬಾರಿ ಗೆದ್ದನು. ಮರೀನೋ ಒಮ್ಮೆಯೂ ಗೆಲ್ಲಲಿಲ್ಲ. ಗೆಲುವು ಒಬ್ಬನದಲ್ಲ, ತಂಡದ್ದು.

ಆದ್ದರಿಂದ ಒಬ್ಬನು ತನ್ನ ಸಮಕಾಲೀನರಿಗಿಂತ ಎಷ್ಟು ಮುಂದಿದ್ದನೆಂಬುದೇ ಯೋಗ್ಯ ಅಳತೆ. ಯುನೈಟಸನು 1956ರಿಂದ 1960ರವರೆಗೆ ಸತತ 47 ಪಂದ್ಯಗಳಲ್ಲಿ ಅಂಕ ತರುವ ಎಸೆತವೆಸೆದನು. ನಿಯಮ ಸಡಿಲಗೊಂಡ ಮೇಲೂ ಆ ದಾಖಲೆ ಉಳಿಯಿತು. 2012ರಲ್ಲಷ್ಟೇ ಡ್ರೂ ಬ್ರೀಸ್ ಅದನ್ನು ಮುರಿದನು. ಪ್ರಶ್ನಪತ್ರಿಕೆ ಬದಲಾದ ಮೇಲೆ ಹಿಂದಿನ ವಿದ್ಯಾರ್ಥಿಯ ಅಂಕವನ್ನು ಇಂದಿನವನ ಅಂಕದೊಡನೆ ತೂಗುವುದು ನ್ಯಾಯವಲ್ಲವೆಂದು ಶಿಕ್ಷಕರು ಬಲ್ಲರು.

ಮತ್ತೊಂದು ಸಂಗತಿಯೂ ಸ್ಮರಣೀಯ. 2000ದಲ್ಲಿ ಹೊಸ ಆಟಗಾರರ ಆಯ್ಕೆ ನಡೆದಾಗ, ನುರಿತ ಪರೀಕ್ಷಕರು 198 ಮಂದಿಯನ್ನು ಆರಿಸಿಕೊಂಡ ಬಳಿಕವೇ ಬ್ರೇಡಿಯ ಹೆಸರು ಬಂದದ್ದು. ಅಳೆಯುವವನಿಗೆ ವಿನಯವೂ ಬೇಕು.