ಮನಸ್ಸಿನ ಆರೋಗ್ಯದ ಹೊಸ ಸಂಶೋಧನೆ: ಕೇಳಿ, ಚರ್ಚಿಸಿ, ಒರೆಗೆ ಹಚ್ಚಿ

ಬೆಳೆಗೆ ರೋಗ ತಗುಲಿದರೆ ರೈತರು ಎಲೆ ಕಿತ್ತು ತಂದು ತೋರಿಸುತ್ತಾರೆ. ಮನಸ್ಸಿಗೆ ಬೇನೆಯಾದರೆ ಮಾತ್ರ ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಬೇಸರ, ನಿದ್ರಾಭಂಗ, ಹಸಿವಿಲ್ಲದಿರುವುದು, ಕೆಲಸದಲ್ಲಿ ನಿರಾಸಕ್ತಿ ಇವು ಎರಡು ವಾರ ಕಳೆದರೂ ಬಿಡದಿದ್ದರೆ ಅದು ಸೋಮಾರಿತನವಲ್ಲ, ಖಿನ್ನತೆ ಎಂಬ ಕಾಯಿಲೆ ಇರಬಹುದು. ಇದಕ್ಕೆ ಚಿಕಿತ್ಸೆಯುಂಟು.

ಈ ಕುರಿತ ಹೊಸ ಸಂಶೋಧನೆಗಳ ವಿಚಾರ ಈಗ ಪಾಡ್‌ಕಾಸ್ಟ್, ಅಂದರೆ ಮೊಬೈಲಿನಲ್ಲಿ ಬೇಕೆಂದಾಗ ಕೇಳಬಹುದಾದ ಧ್ವನಿ ಕಾರ್ಯಕ್ರಮಗಳ ಮೂಲಕ ಹಳ್ಳಿಗೂ ಬರುತ್ತಿದೆ. ಆದರೆ ಕೇಳಿದ್ದೆಲ್ಲವೂ ನಿಜವಲ್ಲ. ಹೊಸ ತಳಿಯನ್ನು ಪರೀಕ್ಷಿಸುವಂತೆಯೇ ಇದನ್ನೂ ಪರೀಕ್ಷಿಸಬೇಕು.

ಗುಂಪಿನಲ್ಲಿ ಕೇಳುವುದು ಲೇಸು

1956ರಲ್ಲಿ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ ಅಂದಿನ ಮುಂಬಯಿ ರಾಜ್ಯದ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ರೈತ ಕೂಟಗಳನ್ನು ನಡೆಸಿತು. ರೈತರು ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಸಂದೇಹಗಳನ್ನು ಕೇಂದ್ರಕ್ಕೆ ಬರೆದು ಕಳಿಸುತ್ತಿದ್ದರು. ಪಾಡ್‌ಕಾಸ್ಟಿಗೂ ಈ ಕ್ರಮ ಹೊಂದುತ್ತದೆ. ಅರ್ಥವಾಗದ ಭಾಗವನ್ನು ನಿಲ್ಲಿಸಿ ಮತ್ತೆ ಕೇಳುವ ಅನುಕೂಲವೂ ಇದರಲ್ಲಿದೆ.

ಕೇಳಬೇಕಾದ ಪ್ರಶ್ನೆಗಳು

ಗೋವಾದಲ್ಲಿ ಸಂಗಾತ್ ಸಂಸ್ಥೆ ನಡೆಸಿ, 2017ರಲ್ಲಿ ಪ್ರಕಟವಾದ ಅಧ್ಯಯನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವೈದ್ಯರಲ್ಲದ, ಆದರೆ ತರಬೇತಿ ಪಡೆದ ಸ್ಥಳೀಯರು ತೀವ್ರ ಖಿನ್ನತೆಯುಳ್ಳವರೊಡನೆ 6ರಿಂದ 8 ಭೇಟಿಗಳಲ್ಲಿ ಮಾತನಾಡಿ, ಬಿಟ್ಟುಹೋದ ಕೆಲಸ ಹಾಗೂ ಒಡನಾಟಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಆರಂಭಿಸಲು ನೆರವಾದರು.

1. ಎಷ್ಟು ಜನ? 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ 495 ಮಂದಿ. ಒಬ್ಬಿಬ್ಬರ ಅನುಭವ ಸಂಶೋಧನೆ ಎನಿಸುವುದಿಲ್ಲ.

2. ಹೋಲಿಕೆ ತಾಕು ಇತ್ತೇ? ಇತ್ತು. ಸುಮಾರು ಅರ್ಧದಷ್ಟು ಜನರಿಗೆ ಕೇಂದ್ರದ ಸಾಮಾನ್ಯ ಆರೈಕೆಯನ್ನು ತುಸು ಸುಧಾರಿಸಿ ಕೊಡಲಾಯಿತು, ಉಳಿದವರಿಗೆ ಅದರೊಡನೆ ಈ ಭೇಟಿಗಳೂ ದೊರೆತವು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು.

3. ಫಲವೆಷ್ಟು? ಮೂರು ತಿಂಗಳ ಬಳಿಕ ಭೇಟಿ ದೊರೆತವರಲ್ಲಿ ಶೇಕಡಾ 64, ಉಳಿದವರಲ್ಲಿ ಶೇಕಡಾ 39 ಮಂದಿ ಖಿನ್ನತೆಯ ಲಕ್ಷಣಗಳಿಂದ ಹೊರಬಂದಿದ್ದರು. ಹೋಲಿಕೆ ಇಲ್ಲದಿದ್ದರೆ 64 ಎಂಬ ಅಂಕಿಯಷ್ಟೇ ಕಿವಿಗೆ ಬಿದ್ದು, ಲಾಭ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತಿತ್ತು.

4. ಎಷ್ಟು ಕಾಲ ನಿಂತಿತು? 12 ತಿಂಗಳ ಬಳಿಕ ಈ ಅಂಕಿಗಳು 63 ಮತ್ತು 48. ಲಾಭ ಉಳಿದಿತ್ತು, ಆದರೆ ಅಂತರ ಕಡಿಮೆಯಾಗಿತ್ತು.

5. ಯಾರಿಗೆ ಅನ್ವಯ? ಒಂದು ಮಣ್ಣಿನ ಶಿಫಾರಸು ಎಲ್ಲ ಮಣ್ಣಿಗೂ ಸಲ್ಲದು. ಖಿನ್ನತೆಯ ಫಲಿತಾಂಶವನ್ನು ಬೇರೆ ಮನೋರೋಗಗಳಿಗೆ ಅನ್ವಯಿಸಬಾರದು.

ಗಮನದಲ್ಲಿಡಬೇಕಾದ ಅಂಶಗಳು

ವಿಸ್ತರಣಾ ಕಾರ್ಯಕರ್ತರು ಚರ್ಚೆಯಲ್ಲಿ ಯಾರ ಮನೆಯ ವಿಷಯವನ್ನೂ ಹೆಸರಿಸಿ ಎತ್ತಬಾರದು. ಯಾರಾದರೂ ತಾವಾಗಿ ಹೇಳಿಕೊಂಡರೆ ನಗದೆ, ಬುದ್ಧಿ ಹೇಳದೆ ಕೇಳಬೇಕು. ಆ ಮಾತು ಕೂಟದಿಂದಾಚೆ ಹೋಗಕೂಡದು. ಕಾರ್ಯಕ್ರಮ ಕೇಳಿದ ಮಾತ್ರಕ್ಕೆ ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸುವುದಾಗಲಿ, ಬದಲಿಸುವುದಾಗಲಿ ಸಲ್ಲದು.

ಬದುಕುವುದೇ ಬೇಡ ಎಂಬ ಮಾತು ಯಾರ ಬಾಯಿಂದ ಬಂದರೂ ಹಗುರವಾಗಿ ತೆಗೆದುಕೊಳ್ಳಬಾರದು. ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕಗಳನ್ನು ಅವರ ಕೈಗೆ ಸಿಗದಂತೆ ತೆಗೆದಿಟ್ಟು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಹಾಲಿನ ಡೇರಿ, ಸಹಕಾರ ಸಂಘ ಮತ್ತು ಗೊಬ್ಬರದ ಅಂಗಡಿಗಳಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕುವುದು ಉಪಯುಕ್ತ.